ಪುಸ್ತಕದ ನದಿಗೆ ಒಂದೇ ಮೋರಿ

ಸೇತುವೆ ಹತ್ತಿರ ಬರುತ್ತಿದ್ದಂತೆ ಕೋಕಿಲಾಳ ಕೈ ತಾನಾಗಿಯೇ ವ್ಯಾನಿಟಿ ಬ್ಯಾಗಿನೊಳಗೆ ಹೋಗಿ ಕರ್ಚೀಫನ್ನು ಹಿಡಿಯಿತು. ಹಿಡಿದದ್ದು ಅರಿವಾದ ಕೂಡಲೇ ಕೈ ಅಲ್ಲೇ, ಬಸ್ ಪಾಸು ಬಾಚಣಿಗೆಗಳ ನಡುವೆ, ಮುಂದಕ್ಕೂ ಬಾರದೆ ಹಿಂದಕ್ಕೂ ಹೋಗದೆ ನಿಂತಿತು. ಪಕ್ಕದಲ್ಲಿ ಕೂತಿದ್ದ ಗಣಿತದ ಮೇಡಂ ಆಗಲೇ ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದರು. ಮುಂದಿನ ಸೀಟಿನ ಮೇಷ್ಟ್ರುಗಳೂ ಅಷ್ಟೆ, ಪ್ರತಿದಿನದಂತೆ ಒಬ್ಬರಾದ ಮೇಲೊಬ್ಬರು ಜೇಬಿಗೆ ಕೈ ಹಾಕಿದರು. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಹೋಗುವ ಕಾಲೇಜು ಬಸ್ಸಿನಲ್ಲಿ ಇದು ಯಾರೂ ಗಮನಿಸದ ಸಂಗತಿ. ವಿಜಯನಗರದಲ್ಲಿ ಈ ಬಸ್ಸು ಹತ್ತಿದ ಮೊದಲ ದಿನದಿಂದ ಅವಳೂ ಹಾಗೇ ಮಾಡುತ್ತಾ ಬಂದಿದ್ದಳು. ಈವತ್ತು ಮಾತ್ರ ಬಸ್ಸಿನ ಹಿಂಭಾಗದಲ್ಲಿ ನಿಂತಿದ್ದ ಹುಡುಗರ ಕಣ್ಣುಗಳೆಲ್ಲ ತನ್ನ ಬಲಗೈಯ ಮೇಲೇ ಇವೆ ಎನ್ನಿಸಿತು. ತಿರುಗಿ ನೋಡಲು ಧೈರ್ಯ ಬರಲಿಲ್ಲ. ಕೈಯನ್ನು ಬರಿದಾಗಿ ಹೊರತೆಗೆದು ತೊಡೆಯ ಮೇಲಿಟ್ಟುಕೊಂಡಳು. ಕಿಟಕಿಯಿಂದ ವಾಸನೆ ಒಳಬಂತು, ಕೊಳೆತ ಮೊಟ್ಟೆಯ, ಸೋಪಿನ, ಯಾವುದೋ ಬಣ್ಣದ ಕಾರ್ಖಾನೆಯ ಮಿಶ್ರ ವಾಸನೆ. ಕಣ್ಣಲ್ಲಿ ನೀರು ಬಂತು. ‘ಯಾಕ್ರೀ, ನೆಗಡಿನಾ?’ ಎಂದು ಗಣಿತದ ಮೇಡಂ ಸೆರಗಿನ ಒಳಗಿಂದಲೇ ಕೇಳಿದರು. ‘ಹೂಂ’ ಅಂದಳು.

ನೆನ್ನೆ ಬುಧವಾರ ಮಧ್ಯಾಹ್ನ ಕಂಪ್ಯೂಟರ್ ರೂಮಿನಲ್ಲಿ ಅವಳು ಓದಿದ ಸಾಲುಗಳು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದಲ್ಲಿದ್ದವು. ಕಪ್ಪು ಪರದೆಯ ಮೇಲೆ ಹಸಿರಾಗಿ ಮಿನುಗುತ್ತಿದ್ದ ಅವನ್ನು ಬಾಯೊಳಗೇ ಉಚ್ಚರಿಸಿಕೊಂಡ ಮೇಲೆಯೇ ಅರ್ಥ ಹೊಳೆದಿತ್ತು: ‘ಮೇಡಂ ಸೇತುವೆ ಮೇಲೆ ಮೂಗಿಗೆ ಕರ್ಚೀಫ್ ಹಿಡ್ಕೊಂಡು ಬರ್ತಾರೆ. ಆಮೇಲೆ ಕ್ಲಾಸಿಗೆ ಬಂದು ಅದೇ ನದೀನ ಬೋರ್ಡ್ ಮೇಲೆ ಗೆರೆ ಎಳೆದು ತೋರಿಸ್ತಾರೆ. ಅದರ ಹೆಸರು ಮಾತ್ರ ಹೇಳಲ್ಲ. ಪಕ್ಕದಲ್ಲೇ ಮನೆ ಇರೋರು ಎಷ್ಟು ಹೊತ್ತು ಕರ್ಚೀಫ್ ಹಿಡ್ಕೊಂಡು ಇರೋಕಾಗತ್ತೆ?’ ಬರೆದವರ ಹೆಸರಿರಲಿಲ್ಲ. ಹೆಸರು ಬೇಡ ಎಂದು ಹೇಳಿದ್ದು ಅವಳೇ.

ಹೆಸರಿಗೆ ಕೋಕಿಲಾ, ಎಂದು ಹುಡುಗರು ಕಾರಿಡಾರಿನಲ್ಲಿ ಆಡಿಕೊಳ್ಳುವುದನ್ನು ಅವಳು ಕೇಳಿದ್ದಳು. ಅವಳ ಧ್ವನಿ ಮೂರನೇ ಬೆಂಚು ದಾಟುತ್ತಿರಲಿಲ್ಲ. ಸಿವಿಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಅವಳು ಕಲಿಸುತ್ತಿದ್ದುದು ನೀರು, ಕೊಳಚೆ, ಒಳಚರಂಡಿ. ಪಾಠ ಮುಗಿಸಿ ‘ಎನಿ ಡೌಟ್ಸ್?’ ಎಂದು ಕೇಳಿದರೆ ಇಡೀ ತರಗತಿ ಒಟ್ಟಿಗೆ ತಲೆ ತಗ್ಗಿಸುತ್ತಿತ್ತು. ಆ ಮೌನದಲ್ಲಿ ಫ್ಯಾನು ಕಿರ್ರೆನ್ನುವುದು ಕೇಳುತ್ತಿತ್ತು, ಮತ್ತು ವಿಭಾಗದ ಮುಖ್ಯಸ್ಥ ವೆಂಕಟಗಿರಿ ಬಾಗಿಲ ಬಳಿ ಹಾದು ಹೋಗುವಾಗ ಅವರ ಚಪ್ಪಲಿ ಒಂದು ಕ್ಷಣ ನಿಂತು ಮುಂದುವರಿಯುವುದೂ ಕೇಳುತ್ತಿತ್ತು. ಹುಡುಗರ ಮೇಲೆ ಸಿಟ್ಟು ಮಾಡಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ತಾನು ಓದುವಾಗ ಸಿವಿಲ್ ತರಗತಿಗೆಲ್ಲ ಅವಳೊಬ್ಬಳೇ ಹುಡುಗಿ. ಪ್ರೊಫೆಸರು ಬಂದವರೇ ‘ಜಂಟಲ್‌ಮೆನ್’ ಎಂದು ಪಾಠ ಶುರುಮಾಡುತ್ತಿದ್ದರು. ಮೊದಲ ಸಲ ಎಲ್ಲರೂ ಅವಳತ್ತ ತಿರುಗಿ ನಕ್ಕಿದ್ದರು, ಆಮೇಲೆ ನಗುವುದನ್ನೂ ಮರೆತರು. ಕೋರ್ಸು ಮುಗಿಯುವ ತನಕ ಅವಳು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಕೇಳಬೇಕೆನಿಸಿದ್ದನ್ನೆಲ್ಲ ರಾಜಾಜಿನಗರದ ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ತನಗೆ ತಾನೇ ಕೇಳಿಕೊಳ್ಳುತ್ತಿದ್ದಳು. ಅಮ್ಮ ಅಂಬುಜಮ್ಮ ಒಳಗಿಂದ, ‘ಯಾರ ಹತ್ರಾನೇ ಮಾತು?’ ಎಂದರೆ ಸುಮ್ಮನಾಗುತ್ತಿದ್ದಳು.

ಕಾಲೇಜು ಆ ವರ್ಷ ದೊಡ್ಡ ಕಂಪ್ಯೂಟರೊಂದನ್ನು ತರಿಸಿತ್ತು. ಯಂತ್ರ ಒಂದೇ. ಅದಕ್ಕೆ ತಂತಿಗಳಿಂದ ಜೋಡಿಸಿದ ಟರ್ಮಿನಲ್ಲುಗಳು ಗೋಡೆಯುದ್ದಕ್ಕೂ ಸಾಲಾಗಿದ್ದವು, ಪ್ರತಿಯೊಂದಕ್ಕೂ ಒಂದು ಪರದೆ, ಒಂದು ಕೀಬೋರ್ಡು. ಕಾಲೇಜಿನಲ್ಲಿ ಬೇರೆಲ್ಲೂ ಇಲ್ಲದ ಏರ್ ಕಂಡೀಷನರ್ ಅಲ್ಲಿತ್ತು, ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ಜಗನ್ನಾಥ ಗರ್ಭಗುಡಿಯ ಅರ್ಚಕನಂತೆ ಎಲ್ಲರ ಕಾಲನ್ನೂ ಪರೀಕ್ಷಿಸುತ್ತಿದ್ದ. ಒಂದು ದಿನ ಅಂಕಪಟ್ಟಿಯ ಕೆಲಸಕ್ಕೆಂದು ಹೋದವಳಿಗೆ ಅವನು ತಮಾಷೆ ತೋರಿಸಿದ. ಈ ಟರ್ಮಿನಲ್ಲಿನಲ್ಲಿ ಒಬ್ಬ ಬರೆದು ಸೇರಿಸಿದ್ದನ್ನು ಆ ಮೂಲೆಯವನು ಆ ಕ್ಷಣವೇ ಓದಿ, ಅದರ ಕೆಳಗೆ ತನ್ನದನ್ನೂ ಸೇರಿಸಬಹುದು. ಅವನೂ ಅವನ ಸಹಾಯಕನೂ ಹಾಗೆ ಕಾಫಿ ತರುವ ಸರದಿ ಯಾರದು ಎಂದು ದಿನವಿಡೀ ಜಗಳವಾಡಿದ್ದರು. ಕೋಕಿಲಾ ಆ ಜಗಳವನ್ನು ಕೊನೆಯವರೆಗೂ ಓದಿದಳು. ಇಬ್ಬರೂ ಒಂದೇ ಕೋಣೆಯಲ್ಲಿ ಬಾಯಿ ಬಿಡದೆ ಕೂತು ಇಷ್ಟೊಂದು ಮಾತಾಡಿದ್ದರು. ‘ನಮ್ಮ ಕ್ಲಾಸಿಗೂ ಹೀಗೆ ಮಾಡಿಕೊಡ್ತೀರಾ?’ ಎಂದು ಕೇಳಿದಳು. ತನ್ನ ಧ್ವನಿ ಗಟ್ಟಿಯಾಗಿ ಬಂದದ್ದು ಕೇಳಿ ಅವಳಿಗೇ ಆಶ್ಚರ್ಯವಾಯಿತು. ಖಾಲಿ ಇದ್ದ ಬುಧವಾರದ ಮಧ್ಯಾಹ್ನ ಸಿಕ್ಕಿತು. ಇಡೀ ತರಗತಿಗೆ ಒಂದೇ ಹೆಸರಿನ ಲಾಗಿನ್, ಒಂದೇ ಪಾಸ್‌ವರ್ಡ್. ಯಾರು ಬರೆದರು ಎಂಬುದು ಬೇಡ, ಏನು ಬರೆದರು ಎಂಬುದಷ್ಟೇ ಸಾಕು ಎಂದಳು.

ಮೊದಲ ಬುಧವಾರ ಎಲ್ಲರೂ ಪಠ್ಯಪುಸ್ತಕದ ವಾಕ್ಯಗಳನ್ನೇ ಇಂಗ್ಲಿಷಿನಲ್ಲಿ ಒಬ್ಬರ ಕೆಳಗೊಬ್ಬರು ಕುಟ್ಟಿಟ್ಟರು. ನದಿಗೆ ಕೊಳೆ ಬಿದ್ದರೆ ಅದನ್ನು ತಿನ್ನುವ ಜೀವಾಣುಗಳು ನೀರಿನ ಆಮ್ಲಜನಕವನ್ನು ಎಳೆದುಕೊಳ್ಳುತ್ತವೆ; ಮುಂದೆ ಹರಿಯುತ್ತಾ ನದಿ ಗಾಳಿಯಿಂದ ಮತ್ತೆ ಆಮ್ಲಜನಕ ಪಡೆದು ತಾನೇ ಶುದ್ಧವಾಗುತ್ತದೆ. ಆಮ್ಲಜನಕದ ಮಟ್ಟ ತೋರಿಸುವ ಗೆರೆ ಕೆಳಗಿಳಿದು ಮತ್ತೆ ಮೇಲೇರುತ್ತದೆ, ಬಟ್ಟೆ ಹರವುವ ಜೋತುಬಿದ್ದ ಹಗ್ಗದ ಹಾಗೆ. ಆ ಗೆರೆಯನ್ನು ಅವಳು ವರ್ಷ ವರ್ಷವೂ ಬೋರ್ಡಿನ ಮೇಲೆ ಎಳೆದಿದ್ದಳು. ಎರಡನೆಯ ಬುಧವಾರ ಯಾರೋ ಬರೆದರು, ‘ಮೇಡಂ ಕನ್ನಡದಲ್ಲಿ ಬರೆಯಬಹುದಾ?’ ಕೋಕಿಲಾ ಕೀಬೋರ್ಡಿನ ಮೇಲೆ ಬೆರಳಿಟ್ಟು ಯೋಚಿಸಿದಳು. ಪರೀಕ್ಷೆ ಇಂಗ್ಲಿಷಿನಲ್ಲಿ, ಪಾಠ ಇಂಗ್ಲಿಷಿನಲ್ಲಿ, ಯಂತ್ರಕ್ಕೆ ಕನ್ನಡದ ಅಕ್ಷರವೇ ಬಾರದು. ಕೊನೆಗೆ ‘ಬರೀರಿ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದಳು. ಆಮೇಲೆ ಪರದೆಯ ಮೇಲೆ ಸಾಲುಗಳು ನುಗ್ಗಿಬಂದವು. ‘ನೀರು ಹಾಳಾಗಿದೆ’ ಎಂದು ಬರೆದದ್ದನ್ನು, ಇಂಗ್ಲಿಷಿನಲ್ಲಿ ಳ, ಲ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ, ‘ನೀರು ಹಾಲಾಗಿದೆ’ ಎಂದು ಓದಿಕೊಂಡ ಒಬ್ಬ, ಹೌದು ಗುರು, ನೊರೆ ನೋಡಿದರೆ ಹಾಲೇ, ನಂದಿನಿ ಲೇಔಟಿನವರು ಪ್ಯಾಕೆಟ್ಟಿಗೆ ದುಡ್ಡು ಕೊಡೋದು ದಂಡ ಎಂದು ಬರೆದ. ಅದರ ಕೆಳಗೆ ಒಂದು ಬೈಗುಳ. ಅದರ ಕೆಳಗೆ, ಆ ನೀರು ಕುಡಿದ ಎಮ್ಮೆಯ ಹಾಲನ್ನೇ ನೀನು ಹಾಸ್ಟೆಲ್ಲಿನಲ್ಲಿ ಕುಡಿಯುತ್ತಿರೋದು ಎಂದು ಯಾರದೋ ಗಂಭೀರವಾದ ಒಂದು ಮಾತು. ಕೋಣೆಯಲ್ಲಿ ಕೀಬೋರ್ಡುಗಳ ಟಕಟಕ ಬಿಟ್ಟು ಸದ್ದಿರಲಿಲ್ಲ. ನಡುನಡುವೆ ಯಾರಾದರೊಬ್ಬರು ಉಸಿರು ಹಿಡಿದು ನಗುತ್ತಿದ್ದರು, ಅಷ್ಟೆ. ಕೋಕಿಲಾಳಿಗೆ ಆ ದಿನ ಮನೆಗೆ ಹೋಗುವಾಗ ವಿಜಯನಗರದ ಸ್ಟಾಪು ಬಂದದ್ದೇ ಗೊತ್ತಾಗಿರಲಿಲ್ಲ.

ಆಮೇಲೆ ನೆನ್ನೆ, ಕರ್ಚೀಫಿನ ಆ ಸಾಲು. ಓದಿದ ಕೂಡಲೇ ಅವಳ ಕಣ್ಣು ಉಗ್ರಪ್ಪನನ್ನು ಹುಡುಕಿತ್ತು. ಕೆಂಗೇರಿಯ ಹುಡುಗ, ನದಿಯಿಂದ ಕೂಗಳತೆಯಲ್ಲಿ ಮನೆ, ತರಗತಿಯಲ್ಲಿ ಹಾಜರಿ ಕೂಗಿದಾಗ ಬಿಟ್ಟು ಬಾಯಿ ತೆರೆಯದವನು. ಅವನು ಕೊನೆಯ ಟರ್ಮಿನಲ್ಲಿನ ಮುಂದೆ ಬೆನ್ನು ಬಾಗಿಸಿ ಕೂತಿದ್ದ. ಇವನೇ, ಎಂದುಕೊಂಡಳು. ಎಂದುಕೊಂಡ ಮರುಕ್ಷಣವೇ, ನದಿ ಪಕ್ಕದವನು ಎಂದರೆ ಇವನೇ ಎಂದು ತನಗೆ ಇಷ್ಟು ಬೇಗ ಹೊಳೆದದ್ದು ಹೇಗೆ ಎಂದು ನಾಚಿಕೆಯಾಯಿತು. ಹುಡುಗರು ಹೋದ ಮೇಲೆ ಜಗನ್ನಾಥ ಅವಳ ಹಿಂದೆ ನಿಂತು ಪರದೆಯನ್ನು ಓದಿದ. ನಿಧಾನಕ್ಕೆ, ‘ಯಾವ ಟರ್ಮಿನಲ್ಲಿಂದ ಬಂತು ಅಂತ ಗೊತ್ತಾಗತ್ತೆ ಮೇಡಂ. ಯಾರು ಎಲ್ಲಿ ಕೂತಿದ್ರು ಅನ್ನೋದೂ ನನಗೆ ನೆನಪಿದೆ. ನೋಡ್ಲಾ?’ ಎಂದ. ನೋಡಿ, ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ನಿಜ. ‘ಬೇಡ’ ಎಂದದ್ದು ಯಾವ ಘನತೆಯಿಂದಲೂ ಅಲ್ಲ. ಗೊತ್ತಾದರೆ ನಾಳೆಯಿಂದ ಆ ಮುಖವನ್ನು ನೋಡಬೇಕಾಗುತ್ತದಲ್ಲ ಎನ್ನುವ ಭಯದಿಂದ.

ಬಸ್ಸು ಕಾಲೇಜಿನ ಗೇಟು ಹೊಕ್ಕಿತು. ವಿಭಾಗಕ್ಕೆ ಕಾಲಿಡುತ್ತಿದ್ದಂತೆ ಅಟೆಂಡರ್ ಮುನಿರಾಮಯ್ಯ, ‘ಎಚ್ಓಡಿ ಕರೀತಾವ್ರೆ ಮೇಡಂ’ ಎಂದ. ವೆಂಕಟಗಿರಿಯ ಮುಖ ನೋಡಿದ ಕೂಡಲೇ ವಿಷಯ ಅಲ್ಲಿಗೂ ತಲುಪಿದೆ ಎಂದು ಗೊತ್ತಾಯಿತು. ನೆನ್ನೆ ಸಂಜೆ ಕಂಪ್ಯೂಟರ್ ರೂಮಿಗೆ ಹೋಗಿದ್ದಾಗ ಅವರು ಎಲ್ಲವನ್ನೂ ಓದಿದ್ದರು.

‘ಕೂತ್ಕೊಳಿ. ಏನ್ರೀ ಇದು? ಅಷ್ಟು ಖರ್ಚು ಮಾಡಿ ಮೆಷಿನ್ ತಂದಿರೋದು ಹುಡುಗರು ಕೂತು ಲೆಕ್ಚರರ್‌ನ ಆಡ್ಕೊಳಕ್ಕಾ?’

‘ಆಡ್ಕೊಂಡಿಲ್ಲ ಸಾರ್.’

‘ಮತ್ತೆ? ಮೂಗು ಹಿಡ್ಕೊಂಡು ಬರ್ತಾರೆ ಅಂತ ಬರ್ದಿದಾರೆ. ನಿಮಗೆ ಮರ್ಯಾದೆ ಬೇಡ್ವಾ? ಯಾರು ಅಂತ ಜಗನ್ನಾಥನ್ನ ಕೇಳಿ. ಹೆಸರು ಕೊಡಿ, ಇಂಟರ್ನಲ್ ಮಾರ್ಕ್ಸು ಇದೆಯಲ್ಲ, ಬುದ್ಧಿ ಕಲಿಸೋಣ.’

ಮೇಜಿನ ಗಾಜಿನ ಕೆಳಗಿದ್ದ ವೇಳಾಪಟ್ಟಿಯನ್ನು ಕೋಕಿಲಾ ನೋಡುತ್ತಿದ್ದಳು. ಹಿಂದೆ ಎಷ್ಟೋ ಸಲ ಇದೇ ಕುರ್ಚಿಯಲ್ಲಿ ಕೂತು ಇದೇ ಗಾಜನ್ನು ನೋಡುತ್ತಾ ‘ಆಗಲಿ ಸಾರ್’ ಎಂದಿದ್ದಳು. ಪರೀಕ್ಷಾ ಕೆಲಸ ಎಲ್ಲರಿಗಿಂತ ಹೆಚ್ಚು ಅವಳ ತಲೆಗೆ ಕಟ್ಟಿದಾಗ, ಕಟ್ಟಡದ ಸೈಟಿಗೆ ಹುಡುಗರ ಜತೆ ಹೋಗುವ ಕೆಲಸಕ್ಕೆ ‘ನೀವು ಹೆಂಗಸರು, ಬೇಡ’ ಎಂದಾಗ. ಆಗಲಿ ಎನ್ನುವುದು ಬಾಯಿಗೆ ಅಷ್ಟು ರೂಢಿಯಾಗಿತ್ತು. ಈಗಲೂ ಬಾಯಿ ಅದಕ್ಕೇ ತೆರೆಯಿತು.

‘ಅವರು ಬರ್ದಿರೋದು ನಿಜ ಸಾರ್. ನಾನು ಹಿಡ್ಕೋತೀನಿ. ನೀವೂ ಹಿಡ್ಕೋತೀರಿ.’

ವೆಂಕಟಗಿರಿ ಕನ್ನಡಕ ತೆಗೆದು ಒರೆಸಿಕೊಂಡರು. ಅವಳಿಗೆ ಒಂದು ಕ್ಷಣ, ಆಡಿದ್ದು ತಾನೇನಾ ಎಂದು ಅನುಮಾನವಾಯಿತು. ಅವರು ಕನ್ನಡಕ ಹಾಕಿಕೊಂಡು, ಮೊದಲಿಗಿಂತ ಮೆಲ್ಲಗೆ, ‘ನೋಡಿ ಕೋಕಿಲಾ, ನಾನು ಕೆಟ್ಟವನಲ್ಲ. ಪ್ರಿನ್ಸಿಪಾಲ್ರು ನನ್ನನ್ನ ಕೇಳ್ತಾರೆ. ಟರ್ಮಿನಲ್ಲಲ್ಲಿ ಹರಟೆ ಹೊಡೆದ್ರೆ ಕ್ಲಾಸಿಗೇನು ಬಂತು? ಅಲ್ಲಿ ಬರೆಯೋರು ನಿಮ್ಮ ಕ್ಲಾಸಲ್ಲಿ ಬಾಯಿ ಬಿಡ್ತಾರಾ? ನಾಳೆ ನಾನು ಬಂದು ಕೂತ್ಕೋತೀನಿ. ಬಾಯಿ ಬಿಟ್ಟರೆ ಸರಿ. ಇಲ್ಲಾಂದ್ರೆ ಬುಧವಾರದ್ದು ನಿಲ್ಲಿಸಿ, ಹೆಸರು ಕೊಡಿ’ ಎಂದರು.

ಮಧ್ಯಾಹ್ನ ಊಟದ ಡಬ್ಬಿಯನ್ನು ತೆರೆಯದೆಯೇ ಅವಳು ಕಂಪ್ಯೂಟರ್ ರೂಮಿಗೆ ಹೋದಳು. ಬರಿಗಾಲಿಗೆ ನೆಲ ತಣ್ಣಗಿತ್ತು. ಆ ಸಾಲಿನ ಕೆಳಗೆ ಚಿಕ್ಕ ಹಸಿರು ಚೌಕವೊಂದು ಮಿಣುಕುತ್ತಾ ಕಾಯುತ್ತಿತ್ತು. ಹುಡುಗರಿಗೆ ಎಚ್ಚರಿಕೆ ಬರೆಯಬಹುದಿತ್ತು. ನಾಳೆ ಎಚ್ಓಡಿ ಬರುತ್ತಾರೆ, ದಯವಿಟ್ಟು ಏನಾದರೂ ಮಾತಾಡಿ ಎಂದು ಬೇಡಿಕೊಳ್ಳಬಹುದಿತ್ತು. ಹಾಗೆ ಬರೆದೂ ಬರೆದಳು, ಅಳಿಸಿದಳು. ಅಮ್ಮ ಹೇಳುತ್ತಿದ್ದುದು ನೆನಪಾಯಿತು. ಮದುವೆಯಾಗಿ ಬಂದ ಹೊಸದರಲ್ಲಿ ಗುಡಿಗೆ ಹೋಗುವ ಮುಂಚೆ ಅದೇ ಹೊಳೆಯಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದರಂತೆ, ಮೀನಿನ ಮರಿ ಬೆರಳಿಗೆ ಮುತ್ತುತ್ತಿದ್ದವಂತೆ. ಅದನ್ನು ಕೇಳಿದಾಗೆಲ್ಲ ಅವಳು, ಅಮ್ಮ ಯಾವುದೋ ಬೇರೆ ಹೊಳೆಯ ಮಾತಾಡುತ್ತಿದ್ದಾಳೆ ಎಂಬಂತೆ ತಲೆಯಾಡಿಸಿದ್ದಳು. ಈಗ ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ‘ಹೌದು, ಹಿಡ್ಕೋತೀನಿ. ಆ ನದಿಯ ಹೆಸರು ವೃಷಭಾವತಿ. ನಾನು ಹುಟ್ಟಿದ್ದು ರಾಜಾಜಿನಗರ, ಈಗಿರೋದು ವಿಜಯನಗರ. ಎರಡೂ ಮನೆಯ ಬಚ್ಚಲ ನೀರು ಹೋಗಿದ್ದು ಅದಕ್ಕೇ. ನಾನು ಕಳಿಸಿದ್ದನ್ನೇ ನೋಡಿ ನಾನು ಮೂಗು ಮುಚ್ಚಿಕೊಂಡೆ. ನಾಳೆ ಬೋರ್ಡಿನ ಮೇಲೆ ಅದರ ಹೆಸರು ಬರೆದೇ ಶುರು ಮಾಡ್ತೀನಿ.’ ಕೆಳಗೆ ತನ್ನ ಹೆಸರು ಹಾಕಿದಳು. ಅಷ್ಟು ಸಾಲುಗಳಲ್ಲಿ ಹೆಸರಿದ್ದದ್ದು ಅದೊಂದಕ್ಕೇ. ಅದನ್ನು ಯಾರು ಓದುತ್ತಾರೋ, ನಾಳೆಯೊಳಗೆ ಒಬ್ಬರಾದರೂ ಈ ಕೋಣೆಗೆ ಬರುತ್ತಾರೋ ಇಲ್ಲವೋ ಗೊತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ವೆಂಕಟಗಿರಿ ಅವಳಿಗಿಂತ ಮೊದಲೇ ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದರು. ಪಕ್ಕದಲ್ಲಿದ್ದ ವೆಂಕಟಸ್ವಾಮಿ ಎಂಬ ಹುಡುಗ, ಎಲ್ಲ ತರಗತಿಯಲ್ಲೂ ಪಿಸುಗುಟ್ಟುವವನು, ಮೈಯನ್ನೆಲ್ಲ ಹಿಡಿಮಾಡಿಕೊಂಡು ಗೋಡೆಗೆ ಅಂಟಿದ್ದ. ಕೋಕಿಲಾ ಬೋರ್ಡಿನ ಮೇಲೆ ವೃಷಭಾವತಿ ಎಂದು ಕನ್ನಡದಲ್ಲಿ ಬರೆದಳು. ಸೀಮೆಸುಣ್ಣ ಮುರಿಯಿತು. ಬಾಗಿ ಎತ್ತಿಕೊಂಡು, ಆ ಹೆಸರಿನ ಕೆಳಗೆ ಎಂದಿನ ಗೆರೆಯನ್ನು ಎಳೆದಳು, ಕೆಳಗಿಳಿದು ಮೇಲೇರುವ ಗೆರೆ. ತಿರುಗಿ ನಿಂತು, ‘ಈ ಗೆರೆ ಈ ನದಿಗೆ ಸರಿಹೋಗುತ್ತಾ? ನನಗೆ ಅನುಮಾನ ಇದೆ. ನಿಮಗೆ ಏನನ್ನಿಸತ್ತೆ?’ ಎಂದಳು. ತಲೆಗಳು ತಗ್ಗಿದವು. ಫ್ಯಾನು ಕಿರ್ರೆಂದಿತು. ಮೇಜಿನ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಯಾರೂ ಓದಿಲ್ಲ, ಎಂದುಕೊಂಡಳು. ಓದಿದ್ದರೂ ಅಷ್ಟೆ, ಪರದೆಯ ಮುಂದಿನ ಧೈರ್ಯ ಪರದೆಯ ಮುಂದೆಯೇ ಉಳಿಯುತ್ತದೆ, ಹಿತ್ತಲ ಕಲ್ಲಿನ ಮೇಲೆ ಕೂತು ಕೇಳಿದ ಪ್ರಶ್ನೆಗಳಂತೆ. ಕೊನೆಯ ಬೆಂಚಿನಲ್ಲಿ ವೆಂಕಟಗಿರಿ ಗಡಿಯಾರ ನೋಡಿಕೊಂಡರು. ಅವರ ಮುಖದಲ್ಲಿ ಗೆದ್ದ ಕಳೆಯಿರಲಿಲ್ಲ. ಒಂದು ಬಗೆಯ ಕನಿಕರವಿತ್ತು, ಅದೇ ಹೆಚ್ಚು ಚುಚ್ಚಿತು. ಆದರೂ ಅವಳು ಬೋರ್ಡಿನ ಕಡೆ ತಿರುಗಲಿಲ್ಲ. ತಿರುಗಿದರೆ ಮತ್ತೆ ಪಾಠ ಶುರುವಾಗಿಬಿಡುತ್ತದೆ, ಗಂಟೆ ಹೊಡೆಯುವ ತನಕ ಅದು ತಾನೇ ನಡೆದುಕೊಂಡು ಹೋಗುತ್ತದೆ. ಹಾಗೇ ನಿಂತೇ ಇದ್ದಳು.

ಉಗ್ರಪ್ಪ ಎದ್ದು ನಿಂತ. ಎದ್ದವನು ಬೆಂಚಿನ ಮೇಲಿದ್ದ ಗೀರನ್ನು ಉಗುರಿನಿಂದ ಕೆರೆಯುತ್ತಿದ್ದ. ‘ಕನ್ನಡದಲ್ಲಿ ಹೇಳ್ಲಾ ಮೇಡಂ?’

‘ಹೇಳಪ್ಪ.’

‘ಪುಸ್ತಕದ ನದಿಗೆ ಒಂದೇ ಮೋರಿ ಮೇಡಂ. ಒಂದ್ ಕಡೆ ಕೊಳೆ ಬೀಳತ್ತೆ, ಆಮೇಲೆ ಯಾರೂ ಏನೂ ಹಾಕಲ್ಲ, ಅದಕ್ಕೇ ಗೆರೆ ಮೇಲೆ ಹೋಗತ್ತೆ. ಇಲ್ಲಿ ಹಂಗಿಲ್ಲ. ಒಂದ್ ಮೋರಿ ಆಯ್ತು ಅಂದ್ರೆ ಇನ್ನೊಂದು ಸೇರತ್ತೆ. ಗೆರೆಗೆ ಮೇಲೆ ಬರಕ್ಕೆ ಟೈಮೆಲ್ಲಿದೆ?’

ಕೋಕಿಲಾ ಬಾಯಿ ತೆರೆಯುವಷ್ಟರಲ್ಲಿ ಮೊದಲ ಬೆಂಚಿನಿಂದ ನೀಲಮ್ಮ ಕೂತಲ್ಲೇ ತಿರುಗಿದಳು. ತರಗತಿಯ ಇಬ್ಬರು ಹುಡುಗಿಯರಲ್ಲಿ ಒಬ್ಬಳು, ಹೆಗ್ಗನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುವವಳು. ‘ಹಾಗಾದ್ರೆ ಮೋರಿಗೊಂದು ಗೆರೆ ಎಳೀಬೇಕು ಕಣೋ. ಮೊದಲನೇದು ಇಳೀತಾ ಇರೋವಾಗ್ಲೇ ಎರಡನೇದು ಶುರುವಾಗತ್ತೆ.’

‘ಎಳೆದ್ರೆ ಎಲ್ಲಾ ಸೊನ್ನೇಲೇ ಇರತ್ತೆ,’ ಎಂದ ಉಗ್ರಪ್ಪ.

‘ಸೊನ್ನೆ ಇರಲ್ಲ ಮಗಾ,’ ಎಂದು ಹಿಂದಿನಿಂದ ವೆಂಕಟಸ್ವಾಮಿ ಕೂಗಿದ. ಪಕ್ಕದಲ್ಲಿ ಯಾರು ಕೂತಿದ್ದಾರೆ ಎನ್ನುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಬಿದ್ದಾಗಿತ್ತು, ಎಲ್ಲರೂ ತಿರುಗಿದ್ದರು. ‘ಅಲ್ಲ... ಬಂಡೆ ಮೇಲೆ ಧುಮುಕೋ ಕಡೆ ನೊರೆ ಬರಲ್ವಾ? ಅಲ್ಲಿ ಗಾಳಿ ಸೇರತ್ತೆ. ಅಲ್ಲಿ ಸ್ವಲ್ಪ ಏರಬೇಕು.’

‘ಅದು ಸೋಪಿನ ನೊರೆ ಕಣೋ!’ ಎಂದು ಯಾರೋ ಕೂಗಿದರು.

‘ಸೋಪಾದ್ರೆ ಗಾಳಿ ಹೋಗಲ್ವಾ? ಮೇಡಂ, ಹೋಗತ್ತಾ ಇಲ್ವಾ?’

‘ಕಮ್ಮಿಯಾಗುತ್ತೆ ಅಂತ ಓದಿದೀನಿ,’ ಎಂದಳು ಕೋಕಿಲಾ. ‘ಇಲ್ಲಿ ಎಷ್ಟು ಕಮ್ಮಿ ಅಂತ ನನಗೆ ಗೊತ್ತಿಲ್ಲ. ಅಳೆದು ನೋಡಬೇಕು.’ ಗೊತ್ತಿಲ್ಲ ಎನ್ನುವ ಮಾತನ್ನು ತರಗತಿಯಲ್ಲಿ ಅವಳು ಎಂದೂ ಆಡಿರಲಿಲ್ಲ. ಆಡಿದರೆ ಏನೋ ಕುಸಿದುಬೀಳುತ್ತದೆ ಎಂದುಕೊಂಡಿದ್ದಳು. ಏನೂ ಬೀಳಲಿಲ್ಲ. ಅದಕ್ಕೆ ಬದಲು ಅಳೆಯುವುದು ಎಲ್ಲಿ, ಸೇತುವೆಯ ಮೇಲೋ ಕೆಳಗೋ, ಬೆಳಗಿನ ನೀರೋ ಸಂಜೆಯ ನೀರೋ ಎಂದು ನಾಲ್ಕೂ ಕಡೆಯಿಂದ ವಾದ ಶುರುವಾಯಿತು. ನೀಲಮ್ಮ ಎದ್ದು ಬಂದು, ಕೇಳದೆಯೇ, ಕೋಕಿಲಾಳ ಕೈಯಿಂದ ಸೀಮೆಸುಣ್ಣ ತೆಗೆದುಕೊಂಡು, ಗೆರೆಯ ಮೊದಲಲ್ಲಿ ರಾಜಾಜಿನಗರದ ಮೋರಿಗೆಂದು ಒಂದು ಬಾಣ ಹಾಕಿದಳು. ಉಗ್ರಪ್ಪನೂ ಬೋರ್ಡಿಗೆ ಬಂದು, ಇನ್ನೊಂದು ತುಂಡು ಸೀಮೆಸುಣ್ಣ ಹಿಡಿದು ಇನ್ನೊಂದು ತುದಿಯಿಂದ, ಕೆಂಗೇರಿಯಿಂದ, ಬಾಣ ಹಾಕುತ್ತಾ ಹಿಂದಕ್ಕೆ ಬರತೊಡಗಿದ. ಇಬ್ಬರ ಬಾಣಗಳೂ ಬೋರ್ಡಿನ ನಡುವೆ ಎಲ್ಲೋ ಒಂದು ಮೋರಿಯ ಬಗ್ಗೆ ಜಗಳಕ್ಕೆ ಬಿದ್ದವು. ಗಲಾಟೆಗೆ ಪಕ್ಕದ ತರಗತಿಯವರು ಬಾಗಿಲಲ್ಲಿ ಇಣುಕಿದರು. ವೆಂಕಟಗಿರಿ ಎದ್ದರು. ಅವರು ಬಾಗಿಲಲ್ಲಿ ಇಣುಕಿದವರನ್ನು ಕೈಬೀಸಿ ಕಳಿಸಿ, ಮತ್ತೆ ಬಂದು ಕೂತರು. ಕೂತವರು ವೆಂಕಟಸ್ವಾಮಿಯ ಕಡೆ ಬಾಗಿ ಏನೋ ಕೇಳಿದರು. ಅವನು ಮೊದಲು ಹೆದರಿ, ಆಮೇಲೆ ಉತ್ಸಾಹದಿಂದ ಬೋರ್ಡಿನತ್ತ ಬೊಟ್ಟು ಮಾಡಿ ಕೂಗಿದ. ‘ನೀಲಮ್ಮಾ, ಬಸವೇಶ್ವರನಗರದ್ದು ಹಾಕಿಲ್ಲ ನೋಡು! ಸಾರ್ ಮನೇದು!’ ಇಡೀ ತರಗತಿ ಗೊಳ್ಳೆಂದಿತು. ವೆಂಕಟಗಿರಿಯೂ, ನಗಬಾರದೆಂದು ಬಿಗಿಹಿಡಿದ ತುಟಿಯ ಒಂದು ಮೂಲೆಯಿಂದ, ನಕ್ಕರು.

ಆ ಸಾಲನ್ನು ಬರೆದವರು ಇವರಲ್ಲಿ ಯಾರು ಎಂದು ಕೋಕಿಲಾ ಮುಖಗಳನ್ನು ನೋಡಿದಳು. ಯಾರ ಮುಖ ನೋಡಿದರೂ ಇವರೇ ಇರಬಹುದು ಅನ್ನಿಸಿತು. ಉಗ್ರಪ್ಪನೇ ಆಗಬೇಕೆಂದೇನೂ ಇಲ್ಲ, ಮೊದಲ ಬೆಂಚಿನ ಈ ಹುಡುಗಿಯೂ ಆಗಿರಬಹುದು. ತಿಳಿದುಕೊಳ್ಳಬೇಕೆಂಬ ಚಪಲ ಇನ್ನೂ ಒಳಗೆ ಇತ್ತು, ಆದರೆ ಹಲ್ಲುನೋವು ಇಳಿದ ಮೇಲೆ ನಾಲಿಗೆ ಅಲ್ಲಿಗೇ ಹೋಗುವಂತೆ, ಬರಿಯ ಅಭ್ಯಾಸಕ್ಕೆ.

ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಬೋರ್ಡಿನ ಮೇಲಿನ ಗೆರೆ ಈಗ ಹಗ್ಗದಂತಿರಲಿಲ್ಲ, ಬಿದ್ದು ಎದ್ದು ಮತ್ತೆ ಬೀಳುವ, ಎಲ್ಲಿ ಮುಗಿಯುತ್ತದೋ ಗೊತ್ತಿಲ್ಲದ ಒಂದು ಗೀಚು. ಅದರಲ್ಲಿ ಒಂದು ಕಡೆ ತಪ್ಪಾಗಿದೆ ಎಂದು ಅವಳಿಗೆ ಕಂಡಿತು. ಕೈಯೆತ್ತಿ, ‘ನೋಡಿ, ಇಲ್ಲಿ ಎರಡು ಮೋರಿ ಸೇರೋ ಕಡೆ...’ ಎಂದು ಶುರುಮಾಡಿದಳು.

‘ಒಂದ್ ನಿಮಿಷ ಇರಿ ಮೇಡಂ,’ ಎಂದಳು ನೀಲಮ್ಮ, ತಿರುಗಿ ನೋಡದೆಯೇ. ‘ಅವನು ಹೇಳಿ ಮುಗಿಸ್ಲಿ.’

ಕೋಕಿಲಾ ಎತ್ತಿದ ಕೈ ಇಳಿಸಿದಳು. ಮೊದಲ ಬೆಂಚಿನಲ್ಲಿ ನೀಲಮ್ಮ ಎದ್ದು ಬಂದ ಜಾಗ ಖಾಲಿಯಿತ್ತು. ಅಲ್ಲಿದ್ದ ಪುಸ್ತಕಗಳನ್ನು ಪಕ್ಕಕ್ಕೆ ಸರಿಸಿ ಕೂತು, ಗದ್ದಕ್ಕೆ ಕೈಕೊಟ್ಟು, ಉಗ್ರಪ್ಪ ಹೇಳುತ್ತಿದ್ದುದನ್ನು ಕೇಳತೊಡಗಿದಳು.